ತಳ ಮುಟ್ಟಿ ನೋಡು

ಕೋಡಿಬಾಗದ ಮನೆಯ ಊಟದ ಮೇಜಿನ ಮೇಲೆ
ನಕಾಶೆ ಹರಡಿದ್ದೇನೆ. ಮೂಲೆಗಳು ಹಾರದಂತೆ
ಉಪ್ಪಿನ ಮರಿಗೆ, ಕನ್ನಡಕದ ಡಬ್ಬಿ, ರುಕ್ಮಾಳ ಬಿ.ಪಿ. ಗುಳಿಗೆ,
ನಾಲ್ಕನೆಯದಕ್ಕೆ ನನ್ನದೇ ಮೊಣಕೈ.
ಕಿಟಕಿಯಾಚೆ ಕಾಳಿ. ಇಳಿತದ ಹೊತ್ತು.
ಸೇತುವೆಯ ಕಂಬಗಳಿಗೆ ಕೆಸರಿನ ಕಾಲುಚೀಲ.

ಇಲ್ಲಿ ನೋಡು, ಎಂದೆ. ಈ ನದಿ ಹೀಗೆ ಹೋಗಿ, ಮನಸ್ಸು ಬದಲಿಸಿ
ಹಾಗೇ ತಿರುಗಿ ಬರುತ್ತದೆ. ಮತ್ತೆ ಹೋಗುತ್ತದೆ.
ಏಣಿ ಹಾಕಿ ಹತ್ತಬೇಕಾದ ಗುಡ್ಡ, ಮೈತುಂಬ ದ್ರಾಕ್ಷಿ,
ಬುಡದಲ್ಲಿ ಮಣ್ಣೇ ಇಲ್ಲ, ಒಡೆದ ಕರಿಹೆಂಚಿನಂಥ ಕಲ್ಲುಚೂರು.
ಹೆಸರು?
ಮೋಸೆಲ್.
ಹೆಸರಿನಲ್ಲೇ ಮೋಸ ಇದೆಯಲ್ರೀ!

ಇರಬಹುದು.
ಮೂವತ್ತೊಂದು ವರ್ಷ ಮಾಜಾಳಿ ನಾಕೆಯಲ್ಲಿ ನಿಂತವನು ನಾನು,
ಅಬಕಾರಿ ಗಾರ್ಡ್. ಗೋವೆಯ ಲಾರಿಗಳ ಹೊಟ್ಟೆ ತಿವಿದು
ಮೀನಿನ ಮಂಜುಗಡ್ಡೆಯಡಿ, ಸ್ಟೆಪ್ನಿಯ ಒಳಗೆ,
ಒಮ್ಮೆ ಮದುವೆ ಬ್ಯಾಂಡಿನ ಡೋಲಿನಲ್ಲಿ
ಬಾಟಲಿ ಹೆಕ್ಕಿದವನು.
ಒಂದು ಹನಿ ನಾಲಗೆಗೆ ತಾಗಿಸಿದವನಲ್ಲ.
ಅಮ್ಮನಿಗೆ ಕೊಟ್ಟ ಮಾತಲ್ಲ, ದೇವರ ಹರಕೆಯೂ ಅಲ್ಲ,
ಡ್ಯೂಟಿ ಮುಗಿಯುವಷ್ಟರಲ್ಲಿ ಆ ವಾಸನೆ ಸಾಕಾಗಿರುತ್ತಿತ್ತು, ಅಷ್ಟೆ.

ತೊಂಬತ್ತೆಂಟರ ಮೇ.
ಜಪ್ತಿ ಮಾಲು ನಾಶಪಡಿಸುವ ದಿನ. ಬಾಟಲಿಗಳನ್ನು ಸಾಲಾಗಿ ಮಲಗಿಸಿ
ಮೇಲೆ ರೋಡ್ ರೋಲರ್ ಹಾಯಿಸುವುದು, ಪಂಚರ ಸಮಕ್ಷಮ.
ರಮ್ಮು, ವಿಸ್ಕಿ, ಫೆನ್ನಿಯ ನಡುವೆ ಒಂದೇ ಒಂದು
ಉದ್ದ ಕೊರಳಿನ ಹಸಿರು ಬಾಟಲಿ.
ಪಂಚನಾಮೆಯಲ್ಲಿ ಬರೆದೆ: ಇತರೆ, ಒಂದು.
ಚೀಟಿಯ ಮೇಲಿನ ಅಕ್ಷರಗಳನ್ನು ಮಾತ್ರ
ರಂಗೋಲಿ ಕಲಿಯುವ ಹುಡುಗಿಯಂತೆ ಡೈರಿಗೆ ಇಳಿಸಿಕೊಂಡೆ.
ರೋಲರ್ ಹತ್ತಿತು.
ಗಾಜು ನುರಿದ ಸದ್ದಿನ ಬೆನ್ನಿಗೇ ಎದ್ದ ಘಾಟಿನಲ್ಲಿ
ಒಂದು ಎಳೆ ಬೇರೆ:
ಕಾದ ಹೆಂಚಿನ ಮೇಲೆ ಬಿದ್ದ ಮೊದಲ ಮಳೆ,
ಕಚ್ಚಿ ಬಿಟ್ಟ ಬಿಂಬಲಿ,
ಎಲ್ಲೋ ಯಾರದೋ ದೀಪದಿಂದ ಒಂದು ತೊಟ್ಟು ಸೀಮೆಎಣ್ಣೆ.
ಅರೆಗಳಿಗೆ.
ಆಮೇಲೆ ಬರೀ ಡೀಸೆಲ್ ಹೊಗೆ.

ಅಷ್ಟಕ್ಕೆ ಮೂರೂವರೆ ಲಕ್ಷವೇ?
ನಿಮ್ಮ ಮೂಗಿನ ನೆನಪಿಗೆ ನನ್ನ ಮೊಣಕಾಲು
ಯಾಕೆ ಗುಡ್ಡ ಹತ್ತಬೇಕು ಮಾರಾಯ್ರೇ?
ಹಾಗೆನ್ನುತ್ತಲೇ ಪಟ್ಟಿ ಬರೆಯುವವಳೂ ಅವಳೇ:
ಉಣ್ಣೆಯ ಕಾಲುಚೀಲ, ಮುರುಗಲು ಸಿಪ್ಪೆ,
ಅಲ್ಲಿಯವರು ಬಿಟ್ಟರೆ ಒಣಸಿಗಡಿ ಚಟ್ನಿ.
ಚೌತಿ ಮುಗಿಸಿಯೇ ಹೊರಡುವುದು.
ಅಲ್ಲಿ ಕೊಯ್ಲು ಶುರುವಾಗುವುದೂ ಆಗಲೇ, ಎಂದೆ.
ದೇವರಿಗೇ ಗೊತ್ತು ಎಂಬಂತೆ ನೋಡಿದಳು.

ಟಿಕೇಟು ಮಾಡಿಸುವ ಫ್ಲಾವಿಯಾ ಫುರ್ತಾದ
ವೀಸಾ ಫಾರಮಿನ ಮಾದರಿ ಕೊಟ್ಟಿದ್ದಳು, ತುಂಬಿ ತನ್ನಿ ಅಂತ.
ಭೇಟಿಯ ಉದ್ದೇಶ ಎಂದಿದ್ದಲ್ಲಿ
ಕೈ ತಾನಾಗಿ ಬರೆದಿತ್ತು: ತಪಾಸಣೆ.
ಅವಳು ನಕ್ಕು ನಕ್ಕು ಇನ್ನೊಂದು ಹಾಳೆ ಕೊಟ್ಟಳು.

ಹೋಗುವುದೇನು, ಸಸಾರ.
ಗೋವೆಯಲ್ಲಿ ವಿಮಾನ, ಫ್ರಾಂಕ್‌ಫರ್ಟಿನಲ್ಲಿ ಇಳಿದು ರೈಲು,
ಕೊಬ್ಲೆಂಜಿನಲ್ಲಿ ಬದಲಿಸಿದರೆ ಮುಂದೆ ನದಿಯೇ ಜೊತೆಗೆ ಬರುತ್ತದೆ.
ನನಗೆ ನಿದ್ದೆ ಬಾರದಿರುವುದು
ವಾಪಸಿನ ಕೊನೆಯ ಹತ್ತು ಕಿಲೋಮೀಟರಿಗೆ.
ಕಾಣಕೋಣ ದಾಟಿ, ಪೋಳೆ ದಾಟಿ, ಸರಿರಾತ್ರಿ,
ಮಾಜಾಳಿಯ ಹಳದಿ ಬಲ್ಬು, ಅಡ್ಡ ಬಿದ್ದ ಗೇಟು.
ಟಾರ್ಚು ಹಿಡಿದು ಬರುವವನು ನಿತೇಶ ಬಾಂದೇಕರನೇ.
ಮೇಲಿನ ಬಟ್ಟೆ ಕಂಡು ನಂಬಬೇಡ ತಮ್ಮಾ, ತಳ ಮುಟ್ಟಿ ನೋಡು
ಎಂದು ಅವನಿಗೆ ಕಲಿಸಿದವನು ನಾನು.

ತಳದಲ್ಲಿ, ರುಕ್ಮಾಳ ಸೀರೆಗಳ ಅಡಿಯಲ್ಲಿ,
ಉಣ್ಣೆಯ ಕಾಲುಚೀಲ ತೊಟ್ಟು ಮಲಗಿರುತ್ತದೆ
ಉದ್ದ ಕೊರಳಿನ ಒಂದು.
ಸಾಹೇಬ್ರೇ ನೀವಾ, ಹೋಗಿ ಹೋಗಿ ಎಂದು ಗೇಟು ಎತ್ತಿದನೋ,
ಕಲಿಸಿದ್ದು ಹೊಳೆಪಾಲು.
ಪೆಟ್ಟಿಗೆ ತೆಗೆಸಿದನೋ...

ರುಕ್ಮಾ ನಕಾಶೆ ಮಡಚುತ್ತಿದ್ದಾಳೆ, ಎಲ್ಲ ತಪ್ಪು ಮಡಿಕೆಯಲ್ಲಿ.
ರಸೀದಿ ಜೋಪಾನ ಇಟ್ಟುಕೊಳ್ಳಿ, ಎನ್ನುತ್ತಾಳೆ.
ಮತ್ತೆ ಎರಡು ತರೋಣ.
ಒಂದು ಜಪ್ತಿಗೆ.